ವಿಶ್ವವಿದ್ಯಾಲಯ ಸಿಬ್ಬಂದಿಯ ವೃತ್ತಿ ಬಳಗಕ್ಕೆ ಕಚೇರಿ ಕೆಲಸ: ಶುರುವಿನಿಂದ ಹಸ್ತಾಂತರದವರೆಗೆ

ಬೆಂಗಳೂರಿನ ಯಾವ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೋದರೂ ತಾಪತ್ರಯಗಳು ಒಂದೇ ಥರ. ರಾಜ್ಯದ ವಿಶ್ವವಿದ್ಯಾಲಯಗಳ ಏಕೀಕೃತ ಜಾಲತಾಣ ಯುಯುಸಿಎಂಎಸ್‌ನಲ್ಲಿ ಅಂಕ ಏರಿಸುವಾಗ ಸಿಕ್ಕಿಕೊಂಡ ಕಾಲೇಜು, ಹೆಸರಿನ ಕಾಗುಣಿತ ತಪ್ಪಿದ ಅಂಕಪಟ್ಟಿ, ಹತ್ತು ವರ್ಷದ ಹಿಂದಿನ ಪದವಿಗೆ ಪರಿಶೀಲನೆ ಕೇಳಿ ಬಂದ ವಿದೇಶಿ ಕಂಪನಿಯ ಮೇಲ್. ಪಕ್ಕದ ವಿಶ್ವವಿದ್ಯಾಲಯದಲ್ಲಿ ಇದೇ ಕುರ್ಚಿಯಲ್ಲಿ ಕೂತವರು ಇದನ್ನು ಹೋದ ವರ್ಷವೇ ಬಗೆಹರಿಸಿರುತ್ತಾರೆ. ಆದರೆ ಅವರ ಪರಿಚಯ ನಮಗಿರುವುದಿಲ್ಲ. 1964ರ ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾದ ಮೇಲಂತೂ ಒಂದೇ ಕಾರಿಡಾರಿನಲ್ಲಿ ಓಡಾಡಿಕೊಂಡಿದ್ದವರು ಜ್ಞಾನಭಾರತಿ, ಸೆಂಟ್ರಲ್ ಕಾಲೇಜು, ಕೋಲಾರ ಎಂದು ಚದುರಿಹೋದರು. ಇದರ ಜೊತೆಗೆ ಖಾಸಗಿ ವಿಶ್ವವಿದ್ಯಾಲಯಗಳು, ಸ್ವಾಯತ್ತ ಕಾಲೇಜುಗಳು, ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ನಾಗರಬಾವಿಯ ಕಾನೂನು ಶಾಲೆ.

ಹಾಗಾಗಿ ಬಳಗಗಳು ಹುಟ್ಟುತ್ತವೆ: ಗ್ರಂಥಪಾಲಕರದು, ಪ್ಲೇಸ್‌ಮೆಂಟ್ ಅಧಿಕಾರಿಗಳದು, ಐಕ್ಯೂಎಸಿ (ಸಂಸ್ಥೆಯ ಆಂತರಿಕ ಗುಣಮಟ್ಟ ಖಾತರಿ ಕೋಶ) ಸಂಯೋಜಕರದು, ಪರೀಕ್ಷಾ ಸಿಬ್ಬಂದಿಯದು. ಶುರುವಿನಲ್ಲಿ ಉತ್ಸಾಹಕ್ಕೇನೂ ಕಡಿಮೆ ಇರುವುದಿಲ್ಲ. ಒಂದು ವಾಟ್ಸ್‌ಆ್ಯಪ್ ಗುಂಪು, ಒಂದು ಸಭೆ, ಒಂದು ಗ್ರೂಪ್ ಫೋಟೊ. ಎರಡನೇ ಸಭೆಗೆ ಅರ್ಧ ಜನ, ಮೂರನೆಯದು ಮುಂದಕ್ಕೆ, ಆಮೇಲೆ ಗುಂಪಿನಲ್ಲಿ ಹಬ್ಬದ ಶುಭಾಶಯ ಮಾತ್ರ. ಜನಕ್ಕೆ ಆಸಕ್ತಿ ಹೋಯಿತು ಎಂದು ಬೈದುಕೊಳ್ಳುತ್ತೇವೆ. ನಾನು ನೋಡಿದಂತೆ ಆಸಕ್ತಿ ಹೋಗಿರುವುದಿಲ್ಲ. ಮೇಜು ಬಿಟ್ಟು ಬರಲು ಬೇಕಾದ ಪತ್ರ ಹೊತ್ತಿಗೆ ಸರಿಯಾಗಿ ಕೈಸೇರಿರುವುದಿಲ್ಲ. ಬಳಗದ ಕಚೇರಿ ಕೆಲಸ ಎಂದರೆ ಮುಖ್ಯವಾಗಿ ಇದೇ: ಸದಸ್ಯ ತನ್ನ ಸಂಸ್ಥೆಯೊಳಗೆ ಯಾರ ಹತ್ತಿರವೂ ಹಲ್ಲು ಗಿಂಜದೆ ಭಾಗವಹಿಸಲು ಬೇಕಾದ ಕಾಗದವನ್ನೆಲ್ಲ ಒದಗಿಸುವುದು. ಆ ಕೆಲಸ ತಲೆಮೇಲೆ ಬಿದ್ದವರಿಗಾಗಿ ಈ ಬರಹ.

ಮೊದಲನೆಯದು: ಮೇಜು ಎಲ್ಲಿ?

ಬಳಗದ ಕಚೇರಿ ಎಲ್ಲಿ ಕೂರುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ದಾರಿ ಮೂರಿವೆ. ಒಂದು, ಯಾವುದಾದರೂ ಒಂದು ವಿಶ್ವವಿದ್ಯಾಲಯದ ಆಶ್ರಯ: ಅವರ ಕೋಣೆ, ಅವರ ಲೆಟರ್‌ಹೆಡ್, ಹಣ ಬಂದರೆ ಅವರ ವಿತ್ತಾಧಿಕಾರಿಯ ಲೆಕ್ಕದಲ್ಲಿ ಪ್ರತ್ಯೇಕ ಶೀರ್ಷಿಕೆ. ಎರಡು, ಸ್ವಂತ ಸೊಸೈಟಿ. ಮೂರು, ಯಾವುದೂ ಇಲ್ಲದೆ ಸ್ನೇಹದ ಮೇಲೆ ನಡೆಯುವುದು.

ಹೊಸ ಬಳಗಕ್ಕೆ ನಾನು ಹೇಳುವುದು ಮೊದಲ ದಾರಿ. ಕುಲಸಚಿವರ ಸಹಿಯಿರುವ ಪತ್ರ ಇನ್ನೊಂದು ಸಂಸ್ಥೆಯ ಟಪಾಲು ವಿಭಾಗಕ್ಕೆ ಹೋದರೆ ಅದಕ್ಕೊಂದು ಇನ್‌ವರ್ಡ್ ನಂಬರ್ ಬೀಳುತ್ತದೆ, ಮೇಜಿನಿಂದ ಮೇಜಿಗೆ ಸಾಗುತ್ತದೆ. 'ಸಂಚಾಲಕರು' ಎಂದು ನಾವೇ ಸಹಿ ಮಾಡಿ ಕಳಿಸಿದ ಪತ್ರಕ್ಕೆ ಆ ಭಾಗ್ಯ ಸಿಗುವುದು ಕಷ್ಟ. ಆಶ್ರಯ ಕೇಳುವಾಗ ಬಾಯಿಮಾತಿಗೆ ನಿಲ್ಲಿಸಬೇಡಿ. ಎರಡು ಪುಟದ ಪ್ರಸ್ತಾವನೆ ಕೊಡಿ: ಬಳಗದ ಉದ್ದೇಶ, ವರ್ಷಕ್ಕೆ ಎಷ್ಟು ಸಭೆ, ವಿಶ್ವವಿದ್ಯಾಲಯದಿಂದ ಬೇಕಾಗಿರುವುದು ಏನು, ಬೇಡವಾಗಿರುವುದು ಏನು. 'ಆರ್ಥಿಕ ಹೊರೆ ಇರುವುದಿಲ್ಲ' ಎಂಬ ಒಂದು ಸಾಲು ಕಡತವನ್ನು ಅರ್ಧ ದೂರ ತಳ್ಳುತ್ತದೆ. ಆದರೆ ಅದು ನಿಜವಾಗಿದ್ದರೆ ಮಾತ್ರ ಬರೆಯಿರಿ. ಅವಧಿಯನ್ನೂ ನಮೂದಿಸಿ. ಎರಡು ವರ್ಷ ಸಾಕು. ಕುಲಪತಿಗಳು ಬದಲಾದಾಗ ಹಳೆಯ ಆಶ್ರಯ ಹೊಸಬರಿಗೆ ಹೊರೆ ಅನ್ನಿಸಬಾರದು.

ನೋಂದಣಿಗೆ ಆತುರ ಬೇಡ. ಇವತ್ತಿನ ಭಾರತೀಯ ವಿಶ್ವವಿದ್ಯಾಲಯಗಳ ಸಂಘ 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿ ಎಂಬ ಹೆಸರಿನಲ್ಲಿ ಶುರುವಾಯಿತು. ಅದು ಸೊಸೈಟಿಯಾಗಿ ನೋಂದಣಿಯಾದದ್ದು 1967ರಲ್ಲಿ. ನಿಮ್ಮ ಬಳಗ ಒಂದೆರಡು ವರ್ಷ ಕಾದರೆ ಮುಳುಗುವುದೇನಿಲ್ಲ.

ಸದಸ್ಯರ ವಹಿ

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರುವವರೆಲ್ಲ ಸದಸ್ಯರಲ್ಲ. ಇದನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳದೆ ಹೋದರೆ ಮುಂದೆ ಮತದಾನ ಬಂದ ದಿನ ಜಗಳ ಖಚಿತ.

ಸದಸ್ಯತ್ವ ಹುದ್ದೆಗೋ ವ್ಯಕ್ತಿಗೋ? ವಿಶ್ವವಿದ್ಯಾಲಯಗಳಲ್ಲಿ ಇದು ದೊಡ್ಡ ಪ್ರಶ್ನೆ, ಯಾಕೆಂದರೆ ಇಲ್ಲಿ ಹುದ್ದೆಗಳು ಸುತ್ತುತ್ತಿರುತ್ತವೆ. ಐಕ್ಯೂಎಸಿ ಸಂಯೋಜಕರು ಇವತ್ತು ರಸಾಯನಶಾಸ್ತ್ರದವರು, ನಾಳೆ ಇತಿಹಾಸದವರು. ಹುದ್ದೆಗೆ ಸದಸ್ಯತ್ವ ಕೊಟ್ಟರೆ ಸಂಸ್ಥೆ ಶುಲ್ಕ ಕಟ್ಟುತ್ತದೆ, ಆದರೆ ಐದು ವರ್ಷ ದುಡಿದು ಕಲಿತವರು ಹುದ್ದೆ ಬಿಟ್ಟ ದಿನವೇ ಹೊರಗೆ. ವ್ಯಕ್ತಿಗೆ ಕೊಟ್ಟರೆ ಅನುಭವ ಉಳಿಯುತ್ತದೆ, ಸಂಸ್ಥೆಯ ಹಣ ಬರುವುದಿಲ್ಲ. ಎರಡನ್ನೂ ಇಟ್ಟುಕೊಳ್ಳಿ: ಸಂಸ್ಥೆಗೆ ಒಂದು ಮತ, ಹಿಂದೆ ಆ ಹುದ್ದೆಯಲ್ಲಿದ್ದವರಿಗೆ ಮತವಿಲ್ಲದ ಸಹ ಸದಸ್ಯತ್ವ. ಹಳಬರಿಗೆ ಮತಕ್ಕಿಂತ ಆಮಂತ್ರಣ ಮುಖ್ಯ.

ವಹಿಯಲ್ಲಿ ಬೇಕಾದ ಕಾಲಂಗಳು: ಹೆಸರು, ಪದನಾಮ, ಸಂಸ್ಥೆ, ಕಚೇರಿ ಮೇಲ್, ಸ್ವಂತ ಮೇಲ್, ಫೋನ್, ಸೇರಿದ ದಿನ, ಶುಲ್ಕ ಕಟ್ಟಿದ ವರ್ಷ. ಇದರ ಮೇಲೆ ಇನ್ನೊಂದು ಕಾಲಂ ಹಾಕಿ, ಇಡೀ ವಹಿಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ: 'ಅನುಮತಿ ಪತ್ರ ಯಾರ ಹೆಸರಿಗೆ'. ಕೆಲವು ಕಡೆ ಕುಲಸಚಿವರಿಗೆ, ಕೆಲವು ಕಡೆ ಕುಲಸಚಿವರು (ಮೌಲ್ಯಮಾಪನ) ಅವರಿಗೆ, ಖಾಸಗಿಯವರಲ್ಲಿ ಎಚ್‌ಆರ್‌ಗೆ, ಕಾಲೇಜಾದರೆ ಪ್ರಾಂಶುಪಾಲರಿಗೆ. ಹೆಸರು ತಪ್ಪಿದ ಪತ್ರ ಸುತ್ತಿ ಬರುವಷ್ಟರಲ್ಲಿ ಸಭೆ ಮುಗಿದಿರುತ್ತದೆ.

ಹೊರಗುತ್ತಿಗೆ ಸಿಬ್ಬಂದಿಯನ್ನು ಮರೆಯಬೇಡಿ. ಎಷ್ಟೋ ವಿಭಾಗಗಳಲ್ಲಿ ಡೇಟಾ ಎಂಟ್ರಿ, ಸ್ಕ್ಯಾನಿಂಗ್, ಕೌಂಟರ್ ಕೆಲಸ ನಡೆಯುವುದೇ ಅವರಿಂದ. ಸಾಫ್ಟ್‌ವೇರ್ ಎಲ್ಲಿ ಮೊಂಡು ಹಿಡಿಯುತ್ತದೆ ಎಂಬುದು ಸೂಪರಿಂಟೆಂಡೆಂಟ್‌ಗಿಂತ ಅವರಿಗೇ ಹೆಚ್ಚು ಗೊತ್ತು. ಆದರೆ ಓಓಡಿ, ಅಂದರೆ ಅನ್ಯಕಾರ್ಯ ನಿಮಿತ್ತ ಹೊರಗೆ ಹೋದ ದಿನವನ್ನೂ ಕರ್ತವ್ಯವೆಂದೇ ಎಣಿಸುವ ಅನುಮತಿ, ಅವರಿಗೆ ತಾನಾಗಿ ಸಿಗುವುದಿಲ್ಲ. ಏಜೆನ್ಸಿಯ ಹಾಜರಾತಿಯಲ್ಲಿ ಒಂದು ದಿನ ಕಟ್ಟಾದರೆ ಸಂಬಳ ಕಟ್. ಅವರನ್ನು ಕರೆಯುವ ಪತ್ರದಲ್ಲಿ 'ಸದರಿ ದಿನವನ್ನು ಕರ್ತವ್ಯದ ದಿನವೆಂದು ಪರಿಗಣಿಸಿ ಸಂಬಂಧಪಟ್ಟ ಏಜೆನ್ಸಿಗೆ ತಿಳಿಸಬೇಕಾಗಿ' ಎಂದು ಸೇರಿಸಿ, ಆ ಸಂಸ್ಥೆಯ ಅಧಿಕಾರಿಗೆ ಒಮ್ಮೆ ಫೋನ್ ಮಾಡಿ. ಅದಾಗದಿದ್ದರೆ ಆನ್‌ಲೈನ್‌ನಲ್ಲಿ ಸೇರಿಸಿಕೊಳ್ಳಿ. ಬಳಗದ ಸಭೆಗೆ ಬಂದದ್ದಕ್ಕೆ ಯಾರ ಕೂಲಿಯೂ ಹೋಗಬಾರದು.

ಫೋನ್ ನಂಬರ್ ಸಂಗ್ರಹಿಸುವಾಗ ಯಾವುದಕ್ಕೆ ಎಂದು ಹೇಳಿ, ಒಪ್ಪಿಗೆ ಬರೆಸಿಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಹಾಗಿರಲಿ, ಸದಸ್ಯರ ಪಟ್ಟಿ ಪುಸ್ತಕ ಮಾರುವವರ ಕೈಗೋ ಸಾಫ್ಟ್‌ವೇರ್ ಕಂಪನಿಯ ಕೈಗೋ ಹೋದರೆ ಆಮೇಲೆ ನಿಮ್ಮ ಫೋನನ್ನು ಯಾರೂ ಎತ್ತುವುದಿಲ್ಲ.

ಮೇಲ್, ಡ್ರೈವ್, ವಾಟ್ಸ್‌ಆ್ಯಪ್

ಮೊದಲ ದಿನವೇ ಬಳಗದ ಹೆಸರಿನಲ್ಲಿ ಒಂದು ಮೇಲ್ ಐಡಿ ಮಾಡಿ. ಕಾರ್ಯದರ್ಶಿಯ ಸ್ವಂತ ಐಡಿಯಿಂದ ಒಂದು ಪತ್ರವೂ ಹೋಗಬಾರದು. ರಿಕವರಿ ಫೋನ್ ಕಾರ್ಯದರ್ಶಿಯದು, ರಿಕವರಿ ಮೇಲ್ ಅಧ್ಯಕ್ಷರದು ಇರಲಿ. ಸಾಮಾನ್ಯ ಜಿಮೇಲ್‌ನಿಂದ ದಿನಕ್ಕೆ 500 ವಿಳಾಸಗಳಿಗೆ ಮಾತ್ರ ಕಳಿಸಬಹುದು. ನಗರ ಮಟ್ಟದ ಬಳಗಕ್ಕೆ ಅದು ಧಾರಾಳ. ಎಲ್ಲರ ವಿಳಾಸವನ್ನೂ ಬಿಸಿಸಿಯಲ್ಲಿ ಹಾಕಿ.

ಡ್ರೈವ್‌ನಲ್ಲಿ ಕಡತಗಳಿಗೆ ವರ್ಷವಾರು ಹೆಸರು ಕೊಡಿ: 'ನಡಾವಳಿ', 'ಆವಕ' (ಬಂದ ಪತ್ರ), 'ಜಾವಕ' (ಹೋದ ಪತ್ರ), 'ಲೆಕ್ಕ', 'ಸದಸ್ಯರು', 'ಸುತ್ತೋಲೆ'. ಇದಕ್ಕಿಂತ ಜಾಣ ವ್ಯವಸ್ಥೆ ಬೇಡ. ಹೋಗುವ ಪ್ರತಿ ಪತ್ರಕ್ಕೂ ಜಾವಕ ಸಂಖ್ಯೆ ಹಾಕಿ, ಅದು ಬರೀ ಮೇಲ್ ಆದರೂ ಸರಿ. ಸಂಖ್ಯೆ ಇಲ್ಲದ ಪತ್ರಕ್ಕೆ ಸರ್ಕಾರಿ ಕಚೇರಿಯಲ್ಲಿ ಉತ್ತರ ಬರೆಯುವುದೇ ಕಷ್ಟ. 'ಉಲ್ಲೇಖ' ಎಂಬ ಜಾಗದಲ್ಲಿ ಕೇಸ್ ವರ್ಕರ್ ಏನು ತುಂಬಬೇಕು?

ಫಾಂಟಿನ ವಿಷಯ. ಬಹಳ ಕಚೇರಿಗಳಲ್ಲಿ ಇನ್ನೂ ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲೇ ಪತ್ರ ಟೈಪ್ ಆಗುತ್ತದೆ. ಆ ವರ್ಡ್ ಫೈಲನ್ನು ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಹುಡುಕಿದರೂ ಸಿಗುವುದಿಲ್ಲ. ಬಳಗದ ಕಡತವೆಲ್ಲ ಯುನಿಕೋಡ್‌ನಲ್ಲೇ ಇರಲಿ, ಹೊರಗೆ ಕಳಿಸುವಾಗ ಪಿಡಿಎಫ್ ಮಾಡಿ. ಬಂದ ಹಳೆಯ ಫೈಲನ್ನು ಪರಿವರ್ತಕದಲ್ಲಿ ಹಾಕಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಂದಲೇ ನೋಡಬೇಕು. ಮುಖ್ಯವಾಗಿ ಹೆಸರುಗಳನ್ನು: ಒಬ್ಬರ ಹೆಸರಿನ ಒತ್ತು ಹಾರಿಹೋಗಿ ಅದೇ ಪ್ರಮಾಣಪತ್ರದಲ್ಲಿ ಅಚ್ಚಾದರೆ ಮತ್ತೆ ಮುದ್ರಿಸುವ ಖರ್ಚು ನಿಮ್ಮದು.

ವಾಟ್ಸ್‌ಆ್ಯಪ್ ಗುಂಪು ಎರಡಿರಲಿ. ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವ ಸೂಚನೆಗಳು, ಇನ್ನೊಂದರಲ್ಲಿ ಮಾತುಕತೆ. ಸಭೆಯ ದಿನಾಂಕ ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗದಿರಲು ಇದೊಂದೇ ಉಪಾಯ. ವಿದ್ಯಾರ್ಥಿಯ ಅಂಕಪಟ್ಟಿ, ನೋಂದಣಿ ಸಂಖ್ಯೆ, ಆಧಾರ್ ಕಾಣುವ ಸ್ಕ್ರೀನ್‌ಶಾಟ್ ಹಾಕಿದರೆ ತಕ್ಷಣ ಅಳಿಸಿ, ಹಾಕಿದವರಿಗೆ ಪ್ರತ್ಯೇಕವಾಗಿ ಫೋನ್ ಮಾಡಿ ತಿಳಿಸಿ. ಗುಂಪಿನಲ್ಲೇ ಗದರಿದರೆ ಮುಂದೆ ಅವರು ಬಾಯಿ ಬಿಡುವುದಿಲ್ಲ. ಪರೀಕ್ಷಾ ಬಳಗವಾದರೆ ಪ್ರಶ್ನೆಪತ್ರಿಕೆ ತಯಾರಕರು, ಮೌಲ್ಯಮಾಪಕರು ಯಾರು ಎಂಬ ಮಾತೇ ಅಲ್ಲಿ ಬರಕೂಡದು ಎಂದು ನಿಯಮದಲ್ಲೇ ಬರೆದಿಡಿ.

ಸಭೆ: ದಿನ ಗೊತ್ತುಮಾಡುವುದರಿಂದ ಪ್ರಮಾಣಪತ್ರದವರೆಗೆ

ಅರ್ಧಕ್ಕರ್ಧ ಕೆಲಸ ಇಲ್ಲೇ ಇದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ವರ್ಷಕ್ಕೆ ನಾಲ್ಕು ಸಭೆ ಸಾಕು, ಎರಡು ನೇರ, ಎರಡು ಆನ್‌ಲೈನ್. ದಿನ ಆರಿಸುವ ಮುಂಚೆ ಎಲ್ಲ ಸಂಸ್ಥೆಗಳ ಶೈಕ್ಷಣಿಕ ವೇಳಾಪಟ್ಟಿ ಇಳಿಸಿಕೊಂಡು ಒಂದೇ ಹಾಳೆಯಲ್ಲಿ ಗುರುತು ಹಾಕಿ. ಪರೀಕ್ಷೆ, ಮೌಲ್ಯಮಾಪನ, ಪ್ರವೇಶಾತಿ, ಮಾರ್ಚ್ ಕೊನೆಯ ಲೆಕ್ಕ, ಗೌರಿ-ಗಣೇಶ, ದಸರಾ ಇವನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿಯುವ ವಾರಗಳು ಬೆರಳೆಣಿಕೆಯವು. ಆರೋಗ್ಯ ವಿಜ್ಞಾನದವರ ಪರೀಕ್ಷೆಗಳ ಕಾಲವೇ ಬೇರೆ ಎಂಬುದೂ ನೆನಪಿರಲಿ. ಸೋಮವಾರ ಎರಡು ದಿನದ ಟಪಾಲು ಗುಡ್ಡೆ ಬಿದ್ದಿರುತ್ತದೆ. ಶನಿವಾರ ಬಿಡುವಿನ ದಿನದಂತೆ ಕಂಡರೂ ಎರಡನೇ, ನಾಲ್ಕನೇ ಶನಿವಾರ ಸರ್ಕಾರಿಯವರಿಗೆ ರಜೆ, ರಜೆಯ ದಿನ ಓಓಡಿ ಕೇಳುವಂತಿಲ್ಲ. ಬುಧವಾರ ಅಥವಾ ಗುರುವಾರ ಇಡಿ. ಮತ್ತೆ, ಕಾರ್ತೀಕದ ಕೊನೆಯ ಸೋಮವಾರದ ಆಸುಪಾಸಿನಲ್ಲಿ ಬಸವನಗುಡಿಯ ಕಡೆ ಸಭೆ ಇಟ್ಟೀರಿ ಜೋಕೆ. ಪರಿಷೆಯ ಜನಜಂಗುಳಿ ದಾಟಿ ಬಂದವರು ಕಡಲೆಕಾಯಿ ಕೊಳ್ಳಲು ಮಧ್ಯದಲ್ಲೇ ಏಳುತ್ತಾರೆ.

ಜಾಗ ಮೆಟ್ರೋ ಹತ್ತಿರವಿರಲಿ. ಸೆಂಟ್ರಲ್ ಕಾಲೇಜಿನ ಪಕ್ಕದಲ್ಲೇ ನೇರಳೆ ಮಾರ್ಗದ ನಿಲ್ದಾಣವಿದೆ. 2023ರಲ್ಲಿ ಆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ತಿಯಾದ ಮೇಲೆ ಕೋಲಾರದ ಕಡೆಯವರು ಕೆ.ಆರ್. ಪುರದಲ್ಲಿ ಇಳಿದು ಹತ್ತಬಹುದು. ಜ್ಞಾನಭಾರತಿಯಲ್ಲಾದರೆ ನಿಲ್ದಾಣದಿಂದ ವಿಭಾಗಕ್ಕೆ ಹೋಗುವ ದಾರಿಯನ್ನು ಪತ್ರದಲ್ಲೇ ತಿಳಿಸಿ. ಸಾವಿರ ಎಕರೆ ಮೀರಿದ ಆವರಣ ಅದು, ಹೊಸಬರು ಗೇಟಿನಲ್ಲಿ ನಿಂತು ನಿಮಗೆ ಫೋನ್ ಮಾಡುತ್ತಲೇ ಇರುತ್ತಾರೆ. ಹೊತ್ತು 11ಕ್ಕೆ ಶುರು, ಮೂರೂವರೆಗೆ ಮುಕ್ತಾಯ. ಸಂಜೆಯ ಟ್ರಾಫಿಕ್ಕಿಗೆ ಮುಂಚೆ ಬಿಟ್ಟರೆ ಮುಂದಿನ ಸಲವೂ ಬರುತ್ತಾರೆ.

ಇನ್ನು ಪತ್ರ. ಸಭೆಗೆ ನಾಲ್ಕು ವಾರ ಮುಂಚೆ ಸಂಸ್ಥೆಯ ಮುಖ್ಯಸ್ಥರ ಹೆಸರಿಗೆ ಹೋಗಬೇಕು, ಅದರ ನಕಲು ಸದಸ್ಯರಿಗೆ. ಟಪಾಲಿನಿಂದ ಮುಖ್ಯಸ್ಥರಿಗೆ, ಅಲ್ಲಿಂದ ಷರಾ ಆಗಿ ವಿಭಾಗಕ್ಕೆ, ವಿಭಾಗದಿಂದ ಆದೇಶವಾಗಿ ಸದಸ್ಯರ ಕೈಗೆ ಬರಲು ಅಷ್ಟು ದಿನ ಬೇಕು. ಮಾದರಿ ಹೀಗಿರಲಿ:

*ವಿಷಯ: ವಿಶ್ವವಿದ್ಯಾಲಯಗಳ ಪರೀಕ್ಷಾ ಸಿಬ್ಬಂದಿ ಬಳಗದ ಸಭೆಗೆ ತಮ್ಮ ಸಂಸ್ಥೆಯ ಸಿಬ್ಬಂದಿಯನ್ನು ನಿಯೋಜಿಸುವ ಕುರಿತು.*

*ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬಳಗದ ತ್ರೈಮಾಸಿಕ ಸಭೆಯನ್ನು ದಿನಾಂಕ ……… ರಂದು ಬೆಳಿಗ್ಗೆ 11.00 ಗಂಟೆಗೆ ……… ಸಭಾಂಗಣದಲ್ಲಿ ಏರ್ಪಡಿಸಲಾಗಿದೆ. ಸಭೆಯಲ್ಲಿ ತಿದ್ದುಪಡಿ ಅಂಕಪಟ್ಟಿ ವಿತರಣೆ ಹಾಗೂ ಪದವಿ ಪರಿಶೀಲನೆಯ ಕೋರಿಕೆಗಳ ವಿಲೇವಾರಿ ಕುರಿತು ಚರ್ಚಿಸಲಾಗುವುದು. ಆದ್ದರಿಂದ ತಮ್ಮ ಸಂಸ್ಥೆಯ ಶ್ರೀ/ಶ್ರೀಮತಿ ………, (ಪದನಾಮ) ಇವರನ್ನು ಸದರಿ ದಿನದಂದು ಅನ್ಯಕಾರ್ಯ ನಿಮಿತ್ತ ನಿಯೋಜಿಸಬೇಕಾಗಿ ಕೋರಿದೆ. ನೋಂದಣಿ ಶುಲ್ಕ ಇರುವುದಿಲ್ಲ. ಹಾಜರಾತಿ ಪ್ರಮಾಣಪತ್ರವನ್ನು ಅದೇ ದಿನ ನೀಡಲಾಗುವುದು.*

ಇದರಲ್ಲಿ ಪ್ರತಿ ಸಾಲಿಗೂ ಕೆಲಸವಿದೆ. ವ್ಯಕ್ತಿಯ ಹೆಸರಿಲ್ಲದೆ 'ಸಂಬಂಧಪಟ್ಟ ಸಿಬ್ಬಂದಿ' ಎಂದರೆ ಅವತ್ತು ಬಿಡುವಾಗಿರುವ ಯಾರನ್ನೋ ಕಳಿಸುತ್ತಾರೆ. ಚರ್ಚೆಯ ವಿಷಯ ಬರೆಯದಿದ್ದರೆ ಸಹಿ ಮಾಡುವವರಿಗೆ ತಮ್ಮ ಸಂಸ್ಥೆಗೆ ಇದರಿಂದೇನು ಎಂದು ಕಾಣುವುದಿಲ್ಲ. 'ಶುಲ್ಕ ಇರುವುದಿಲ್ಲ' ಎಂದರೆ ಕಡತ ಲೆಕ್ಕ ವಿಭಾಗಕ್ಕೆ ಹೋಗುವುದು ತಪ್ಪುತ್ತದೆ. ಓಓಡಿಯ ಮಾತಂತೂ ಜೀವಾಳ: ರಾಜ್ಯ ಸರ್ಕಾರ 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟು ನೌಕರರ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಆ ಹತ್ತರಲ್ಲಿ ಒಂದನ್ನು ಬಳಗದ ಸಭೆಗೆ ಯಾರು ಖರ್ಚು ಮಾಡುತ್ತಾರೆ?

ಪತ್ರ ಕಳಿಸಿ ಕೈಕಟ್ಟಿ ಕೂರುವಂತಿಲ್ಲ. ಎರಡು ವಾರ ಮುಂಚೆ ಸದಸ್ಯರಿಗೆ ಫೋನ್ ಮಾಡಿ 'ಪತ್ರ ಬಂತಾ?' ಎಂದು ಕೇಳಿ, 'ಬರುತ್ತೀರಾ?' ಎಂದಲ್ಲ. ಬಂದಿಲ್ಲ ಎಂದರೆ ಜಾವಕ ಸಂಖ್ಯೆ, ದಿನಾಂಕ ಹೇಳಿ, ಅವರೇ ಹೋಗಿ ಟಪಾಲಿನಲ್ಲಿ ಹುಡುಕಿಸುತ್ತಾರೆ. ಒಂದು ವಾರ ಮುಂಚೆ ಕಾರ್ಯಸೂಚಿ, ಹಿಂದಿನ ನಡಾವಳಿ. ಹಿಂದಿನ ದಿನ ಬೆಳಿಗ್ಗೆ ಊಟದ ಲೆಕ್ಕ. ಬರುತ್ತೇವೆ ಎಂದವರಲ್ಲಿ ಕೆಲವರು ತಪ್ಪಿಸಿಕೊಳ್ಳುತ್ತಾರೆ, ಹೇಳದವರು ಕೆಲವರು ಬರುತ್ತಾರೆ, ಕೊನೆಗೆ ಸರಿಹೋಗುತ್ತದೆ. ಬಿಸಿಬೇಳೆಬಾತ್, ಮೊಸರನ್ನ, ಒಂದು ಸಿಹಿ ಸಾಕು. ಆದರೆ ಒಂದೂಕಾಲಿಗೆ ಬಡಿಸಲೇಬೇಕು. ತಡವಾದರೆ ಹಸಿದವರು ಕಾರ್ಯಸೂಚಿಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ. ತೀರ್ಮಾನ ಬೇಕಾದ ವಿಷಯಗಳನ್ನು ಊಟಕ್ಕೆ ಮುಂಚೆ ಮುಗಿಸಿ, ಅನುಭವ ಹಂಚಿಕೆ ಆಮೇಲಿರಲಿ.

ಸ್ವಾಗತ, ಪ್ರಾರ್ಥನೆ, ದೀಪ, ಹಾರ, ಮುಖ್ಯ ಅತಿಥಿಗಳ ನುಡಿ, ನೆನಪಿನ ಕಾಣಿಕೆ: ಇವೆಲ್ಲ ವಾರ್ಷಿಕ ಸಮ್ಮೇಳನಕ್ಕಿರಲಿ. ತ್ರೈಮಾಸಿಕ ಸಭೆಯಲ್ಲಿ ಇದಕ್ಕೆ ಕೈಹಾಕಿದರೆ ಒಂದು ಗಂಟೆ ಹೋಗುತ್ತದೆ, ಶಾಲುಗಳಿಗೆ ಹಣವೂ ಹೋಗುತ್ತದೆ. ಆಶ್ರಯ ಕೊಟ್ಟ ವಿಶ್ವವಿದ್ಯಾಲಯದ ಕುಲಸಚಿವರು ಹತ್ತು ನಿಮಿಷ ಬಂದು ಎರಡು ಮಾತಾಡಿ ಹೋಗಲಿ, ಅಷ್ಟು ಮರ್ಯಾದೆ ಬೇಕು.

ಹಾಜರಾತಿ ಹಾಳೆಯಲ್ಲಿ ಬಂದ ಸಮಯ, ಹೋದ ಸಮಯ ಎರಡಕ್ಕೂ ಸಹಿ ಇರಲಿ. ಪ್ರಮಾಣಪತ್ರಗಳನ್ನು ಮೊದಲೇ ಮುದ್ರಿಸಿಟ್ಟು ಮುಗಿಯುವಾಗ ಕೈಗೆ ಕೊಡಿ. ದಿನಾಂಕ, ಸಮಯ, ಆಶ್ರಯ ಸಂಸ್ಥೆಯ ಮೊಹರು ಮೂರೂ ಕಾಣಬೇಕು. 'ಮೇಲ್ ಮಾಡುತ್ತೇವೆ' ಎಂದು ಹೇಳಿ ಹದಿನೈದು ದಿನ ತಡ ಮಾಡಿದರೆ ಅಷ್ಟರಲ್ಲಿ ಸದಸ್ಯರ ಹಾಜರಾತಿ ಮುಚ್ಚಿ ರಜೆ ಎಂದು ದಾಖಲಾಗಿರುತ್ತದೆ.

ಆನ್‌ಲೈನ್ ಸಭೆಗೆ ಇಷ್ಟೆಲ್ಲ ಇಲ್ಲ. ಉಚಿತ ಜೂಮ್ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಉಚಿತ ಗೂಗಲ್ ಮೀಟ್‌ನಲ್ಲಿ ಮೂವರಿಗಿಂತ ಹೆಚ್ಚಿದ್ದರೆ ಒಂದು ಗಂಟೆ. ಆಶ್ರಯ ಸಂಸ್ಥೆಯ ಖಾತೆ ಬಳಸಿ, ಇಲ್ಲವೇ ಕಾರ್ಯಸೂಚಿಯನ್ನೇ ಒಂದು ಗಂಟೆಗೆ ಇಳಿಸಿ. ಎರಡನೆಯದೇ ವಾಸಿ.

ನಡಾವಳಿ

'ತಿದ್ದುಪಡಿ ಅಂಕಪಟ್ಟಿಯ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು' ಎಂಬ ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ. ಹೀಗೆ ಬರೆಯಿರಿ: 'ನಿರ್ಣಯ 2: ತಿದ್ದುಪಡಿ ಅಂಕಪಟ್ಟಿಗೆ ತಮ್ಮ ಸಂಸ್ಥೆ ಕೇಳುವ ದಾಖಲೆಗಳ ಪಟ್ಟಿಯನ್ನು ಸದಸ್ಯರು 15 ದಿನದೊಳಗೆ ಬಳಗದ ಮೇಲ್‌ಗೆ ಕಳುಹಿಸುವುದು. ಒಟ್ಟುಗೂಡಿಸುವ ಹೊಣೆ ಸಹ ಕಾರ್ಯದರ್ಶಿಯದು. ಮುಂದಿನ ಸಭೆಯಲ್ಲಿ ಮಂಡಿಸುವುದು.' ಯಾರು, ಏನು, ಯಾವಾಗ. ಯಾರು ಯಾರಿಗೆ ಏನೆಂದರು ಎಂಬುದು ಬೇಡ. ವಿಶೇಷವಾಗಿ, ಒಬ್ಬ ಸದಸ್ಯರು ತಮ್ಮ ಸಂಸ್ಥೆಯ ಲೋಪವನ್ನು ಮನಬಿಚ್ಚಿ ಹೇಳಿಕೊಂಡರೆ ಅದು ಕಾಗದಕ್ಕೆ ಇಳಿಯಕೂಡದು. ನಡಾವಳಿ ನಾಳೆ ಯಾರ ಕೈಗೆ ಸಿಗುತ್ತದೋ ಹೇಳಲಾಗದು, ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಸಭೆಯಾದ ವಾರದೊಳಗೆ ಕರಡು ಕಳಿಸಿ, ಹತ್ತು ದಿನದಲ್ಲಿ ತಿದ್ದುಪಡಿ ಬರದಿದ್ದರೆ ಒಪ್ಪಿದಂತೆ ಎಂದು ಅದರಲ್ಲೇ ಬರೆಯಿರಿ.

ಹಣ

ಸದಸ್ಯತ್ವ ಶುಲ್ಕವನ್ನು ಕಾರ್ಯದರ್ಶಿಯ ಫೋನ್‌ಪೇಗೆ ಹಾಕಿಸಿಕೊಳ್ಳುವುದು ಬೇಡವೇ ಬೇಡ. ನಂಬಿಕೆಯ ಪ್ರಶ್ನೆ ಒಂದು ಕಡೆ, ತೆರಿಗೆಯ ಪ್ರಶ್ನೆ ಇನ್ನೊಂದು ಕಡೆ. ಆ ಹಣ ನಿಮ್ಮ ಆದಾಯವಲ್ಲ ಎಂದು ಮುಂದೆ ನೀವೇ ತೋರಿಸಬೇಕಾಗುತ್ತದೆ. ಖಾತೆ ಆಗುವವರೆಗೆ ಆಶ್ರಯ ಸಂಸ್ಥೆಯ ಮೂಲಕ ನಡೆಸಿ, ಇಲ್ಲವಾದರೆ ಹಣವೇ ಇಲ್ಲದೆ ನಡೆಸಿ. ಊಟದ ಖರ್ಚನ್ನು ಸರದಿಯಂತೆ ಆತಿಥ್ಯ ವಹಿಸುವ ಸಂಸ್ಥೆಗಳು ನೋಡಿಕೊಂಡರೆ ಮೊದಲ ವರ್ಷ ಹಾಗೇ ಕಳೆಯುತ್ತದೆ.

ಸಂಸ್ಥೆಗಳಿಂದ ಶುಲ್ಕ ತರಿಸುವುದೇ ಒಂದು ವಿದ್ಯೆ. ಬೇಡಿಕೆ ಪತ್ರ, ಬಳಗದ ಪ್ಯಾನ್, ರದ್ದುಪಡಿಸಿದ ಚೆಕ್ಕಿನ ಪ್ರತಿ, ನೋಂದಣಿ ಪತ್ರದ ಪ್ರತಿ, ಹಿಂದಿನ ವರ್ಷದ ರಸೀದಿ ಐದನ್ನೂ ಒಟ್ಟಿಗೆ ಲಗತ್ತಿಸಿ. ಒಂದು ಕಡಿಮೆಯಿದ್ದರೂ ಆಕ್ಷೇಪಣೆಯಾಗಿ ವಾಪಸು ಬರುತ್ತದೆ. ಏಪ್ರಿಲ್-ಮೇನಲ್ಲೇ ಕಳಿಸಿ. ಫೆಬ್ರವರಿಯಲ್ಲಿ ಕಳಿಸಿದರೆ ಮಾರ್ಚ್ 31ರೊಳಗೆ ಪಾಸಾಗದೆ ಆ ವರ್ಷದ ಅನುದಾನ ಮುಗಿಯಿತು, ಹೊಸ ವರ್ಷಕ್ಕೆ ಹೊಸ ಕಡತ. ಹಣ ಜಮೆಯಾದಾಗ ಯುಟಿಆರ್ ಸಂಖ್ಯೆ (ಬ್ಯಾಂಕ್ ವರ್ಗಾವಣೆಯ ಗುರುತಿನ ಸಂಖ್ಯೆ) ಕೇಳಿ ಪಡೆಯಿರಿ, ಯಾವ ಕಾಲೇಜಿನದೆಂದು ಗೊತ್ತಾಗದ ಜಮೆಗಳು ವರ್ಷಾಂತ್ಯದಲ್ಲಿ ಖಜಾಂಚಿಯ ನಿದ್ದೆ ಕೆಡಿಸುತ್ತವೆ.

ಖರ್ಚಿಗೆ ಇಬ್ಬರ ಸಹಿ, ಪ್ರತಿಯೊಂದಕ್ಕೂ ವೋಚರ್. ಸಂಪನ್ಮೂಲ ವ್ಯಕ್ತಿಗೆ 5,000 ರೂಪಾಯಿ ಮೀರಿ ನಗದು ಗೌರವಧನ ಕೊಟ್ಟರೆ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಬೇಕು. ಬ್ಯಾಂಕ್ ಮೂಲಕವೇ ಕೊಟ್ಟರೆ ಲೆಕ್ಕಕ್ಕೆ ಇನ್ನೂ ಒಳ್ಳೆಯದು. ಒಬ್ಬರಿಗೇ ವರ್ಷಕ್ಕೆ 50,000 ರೂಪಾಯಿ ಮೀರಿದ ವೃತ್ತಿಪರ ಶುಲ್ಕಕ್ಕೆ ಶೇ 10 ಟಿಡಿಎಸ್ ಹಿಡಿಯಬೇಕು, 2025ರ ಏಪ್ರಿಲ್‌ವರೆಗೆ ಈ ಮಿತಿ 30,000 ಇತ್ತು. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗಳಿಗೆ ವರ್ಷಕ್ಕೆ 20 ಲಕ್ಷದ ವಹಿವಾಟು. ಸಾಮಾನ್ಯ ಬಳಗ ಅಲ್ಲಿಗೆ ಮುಟ್ಟುವುದಿಲ್ಲ, ದೊಡ್ಡ ಸಮ್ಮೇಳನಕ್ಕೆ ಪ್ರಾಯೋಜಕರನ್ನು ಹಿಡಿದ ವರ್ಷ ಮಾತ್ರ ಎಚ್ಚರ.

ನೋಂದಣಿ, ಬೇಕೆನಿಸಿದಾಗ

ಶುಲ್ಕ ನಿಯಮಿತವಾಗಿ ಬರತೊಡಗಿದಾಗ, ಆಶ್ರಯ ಸಂಸ್ಥೆಗೆ ಬೇಸರವಾಗುವ ಮುಂಚೆ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸೊಸೈಟಿ ಮಾಡಿ. ಕನಿಷ್ಠ ಏಳು ಜನ ಬೇಕು. ಅರ್ಜಿ ಹೋಗುವುದು ಸಹಕಾರ ಇಲಾಖೆಯ ಅಧೀನದ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ, ಜೊತೆಗೆ ಧ್ಯೇಯೋದ್ದೇಶಗಳ ಜ್ಞಾಪನ ಪತ್ರ, ಬೈಲಾ, ಪದಾಧಿಕಾರಿಗಳ ಪಟ್ಟಿ, ಕಚೇರಿ ವಿಳಾಸದ ದಾಖಲೆ. ವಿಳಾಸವೇ ಇಲ್ಲಿ ತೊಡಕು. ಪದಾಧಿಕಾರಿಯ ಮನೆ ವಿಳಾಸ ಕೊಟ್ಟರೆ ಅವರು ನಿವೃತ್ತರಾಗಿ ಊರಿಗೆ ಹೋದ ಮೇಲೆ ನೋಟಿಸುಗಳು ಯಾರದೋ ಬಾಗಿಲಿಗೆ ಬೀಳುತ್ತವೆ. ಆಶ್ರಯ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆದು ಅವರ ವಿಳಾಸವನ್ನೇ ಇಟ್ಟುಕೊಳ್ಳಿ. ಸರ್ಕಾರಿ ನೌಕರರು ಪದಾಧಿಕಾರಿಗಳಾಗುವುದಾದರೆ ತಮ್ಮ ಸಂಸ್ಥೆಗೆ ಲಿಖಿತವಾಗಿ ತಿಳಿಸಿ ಅನುಮತಿ ಪಡೆಯುವುದು ಕ್ಷೇಮ. ಉದ್ದೇಶಗಳಲ್ಲಿ ವೃತ್ತಿ ಕೌಶಲ, ಮಾಹಿತಿ ವಿನಿಮಯ, ತರಬೇತಿ ಎಂದಿಷ್ಟೇ ಇರಲಿ. ವೇತನ, ಬಡ್ತಿ, ವರ್ಗಾವಣೆಯ ಮಾತು ನೌಕರರ ಸಂಘದ್ದು. ಬಳಗ ಅದಕ್ಕೆ ಕೈಹಾಕಿದರೆ ಓಓಡಿ ಪತ್ರಕ್ಕೆ ಸಹಿ ಸಿಗುವುದು ನಿಂತಿತೆಂದೇ ತಿಳಿಯಿರಿ.

ಬೈಲಾದಲ್ಲಿ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿಯನ್ನು, ತೀರ ಮೇಲಿಡಬೇಡಿ. ಅರ್ಧದಷ್ಟು ಎಂದು ಬರೆದರೆ ಬೆಂಗಳೂರಿನಲ್ಲಿ ಮಳೆ ಬಂದ ದಿನ ಸಭೆಯೇ ಇಲ್ಲ.

ನೋಂದಣಿ ಆದ ಮೇಲಿನ ಕೆಲಸವನ್ನು ಬಹಳ ಮಂದಿ ಮರೆಯುತ್ತಾರೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಅದಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪರಿಶೋಧನೆಯಾದ ಜಮಾ-ಖರ್ಚುಗಳನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ರೂಢಿಯಲ್ಲಿ ಇದನ್ನು 'ರಿನ್ಯೂಯಲ್' ಎನ್ನುತ್ತಾರೆ. ಎರಡು ಮೂರು ವರ್ಷ ಬಿಟ್ಟರೆ ದಂಡದ ಜೊತೆ, ಬ್ಯಾಂಕಿನಲ್ಲಿ ಸಹಿದಾರರನ್ನು ಬದಲಾಯಿಸಲು ಹೋದಾಗ ಇತ್ತೀಚಿನ ಪಟ್ಟಿ ತನ್ನಿ ಎಂದು ಕೈಚೆಲ್ಲುತ್ತಾರೆ. ಹಳೆಯ ಖಜಾಂಚಿ ನಿವೃತ್ತ, ಹೊಸಬರಿಗೆ ಸಹಿ ಅಧಿಕಾರವಿಲ್ಲ, ಹಣ ಖಾತೆಯಲ್ಲೇ ಸಿಕ್ಕಿಕೊಂಡಿರುತ್ತದೆ. ತೆರಿಗೆ ವಿನಾಯಿತಿಯ ನೋಂದಣಿ ಬೇಕೆ ಬೇಡವೇ ಎಂಬುದನ್ನು ಲೆಕ್ಕಪರಿಶೋಧಕರ ಹತ್ತಿರ ಕೂತು ತೀರ್ಮಾನಿಸಿ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿರುವುದರಿಂದ ಹಳೆಯ ಕಲಮುಗಳ ಸಂಖ್ಯೆ ನೋಡಿ ಅರ್ಜಿ ತುಂಬಬೇಡಿ.

ಸಭೆಗಳ ನಡುವೆ

ವಾರಕ್ಕೆ ಎರಡು ಗಂಟೆ ಮೀಸಲಿಟ್ಟರೆ ಆಯಿತು. ಬಂದ ಪ್ರಶ್ನೆಗಳನ್ನು ಒಂದು ಹಾಳೆಗೆ ಇಳಿಸಿ, ಉತ್ತರ ಗೊತ್ತಿರುವ ಸದಸ್ಯರಿಗೆ ದಾಟಿಸಿ, ಉತ್ತರ ಬಂದ ಮೇಲೆ ಹೆಸರು ತೆಗೆದು ಎಲ್ಲರಿಗೂ ಹಂಚಿ. ಸರ್ಕಾರ, ಯುಜಿಸಿ, ರಾಜ್ಯ ಉನ್ನತ ಶಿಕ್ಷಣ ಪರಿಷತ್ತು, ಸಂಸ್ಥೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ನ್ಯಾಕ್‌ನ ಸುತ್ತೋಲೆಗಳನ್ನು ಮೂಲ ಜಾಲತಾಣದಿಂದಲೇ ಇಳಿಸಿ ಕಳಿಸಿ; ಗುಂಪುಗಳಲ್ಲಿ ತಿರುಗುವ ಪಿಡಿಎಫ್‌ಗಳಲ್ಲಿ ಹಳೆಯ ವರ್ಷದ್ದೂ ನಕಲಿಯೂ ಇರುತ್ತವೆ. ನಿಯಮದ ವ್ಯಾಖ್ಯಾನ ಮಾಡುವ ಹೊಣೆ ಬಳಗದ ಕಚೇರಿಗೆ ಬೇಡ. 'ಅಲ್ಲಿ ಹೀಗೆ ಮಾಡುತ್ತಿದ್ದಾರೆ' ಎನ್ನಬಹುದು, 'ನೀವು ಹೀಗೇ ಮಾಡಬೇಕು' ಎನ್ನಬಾರದು.

ಹಸ್ತಾಂತರ

ಕಾರ್ಯದರ್ಶಿಯ ಅವಧಿ ಎರಡು ವರ್ಷ. ಬಿಡುವ ಮುಂಚಿನ ಆರು ತಿಂಗಳು ಸಹ ಕಾರ್ಯದರ್ಶಿಯೇ ಒಂದು ಪೂರ್ತಿ ಸಭೆ ನಡೆಸಲಿ, ನೀವು ಪಕ್ಕದಲ್ಲಿರಿ. ಕೊಡುವಾಗ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ: ವಹಿಗಳು, ಮೊಹರು, ಚೆಕ್ ಪುಸ್ತಕ, ನೋಂದಣಿ ಪತ್ರದ ಮೂಲ, ಬಾಕಿ ಇರುವ ನಿರ್ಣಯಗಳು. ಜೊತೆಗೆ ಒಂದು ಪುಟ, ಕಡತದಲ್ಲಿ ಸಿಗದ ಸಂಗತಿಗಳಿಗೆ: ಯಾವ ಕಚೇರಿಯಲ್ಲಿ ಮಧ್ಯಾಹ್ನ ಮೂರರ ನಂತರ ಹೋದರೆ ಕೆಲಸವಾಗುತ್ತದೆ, ಯಾವ ಸಂಸ್ಥೆಗೆ ಪತ್ರದ ಜೊತೆ ಮೇಲ್ ಕೂಡ ಬೇಕು, ಯಾವ ಸಭಾಂಗಣದ ಪ್ರೊಜೆಕ್ಟರ್ ಕೈಕೊಡುತ್ತದೆ. ವ್ಯಕ್ತಿಗಳ ಬಗ್ಗೆ ಕೊಂಕು ಬೇಡ, ಆ ಪುಟವೂ ಕಡತಕ್ಕೇ ಸೇರುತ್ತದೆ.

ಬ್ಯಾಂಕಿಗೆ ಹೊಸ ಸಹಿದಾರರ ನಿರ್ಣಯ ಅದೇ ವಾರ ಹೋಗಲಿ. ವಾಟ್ಸ್‌ಆ್ಯಪ್ ಅಡ್ಮಿನ್, ಡ್ರೈವ್‌ನ ಮಾಲೀಕತ್ವ ಬದಲಾಯಿಸಿ. ಕೊನೆಗೆ ಮೇಲ್ ಐಡಿಯ ಪಾಸ್‌ವರ್ಡ್ ಮತ್ತು ರಿಕವರಿ ಫೋನ್ ಸಂಖ್ಯೆ: ಇಬ್ಬರೂ ಎದುರುಬದುರು ಕೂತು ಬದಲಾಯಿಸಿ, ಹೊಸಬರ ಮೊಬೈಲಿಗೆ ಒಟಿಪಿ ಬಂದದ್ದನ್ನು ನೋಡಿಯೇ ಏಳಿ.